ರ‍್ಯಾಮ್ ಕೊಳ್ಳುವ ಮೊದಲು ಕಂಪ್ಯೂಟರನ್ನೇ ಕೇಳಿ

“ರ‍್ಯಾಮ್ ಹಾಕಿಸಿದ್ರೆ ಕಂಪ್ಯೂಟರ್ ಫಾಸ್ಟ್ ಆಗ್ತದಾ?”

ಕೈಗಾ ಅಣುವಿದ್ಯುತ್ ಸ್ಥಾವರದ ವಸತಿ ಕಾಲೊನಿ ಇರುವ ಮಲ್ಲಾಪುರದಲ್ಲಾಗಲಿ, ಕಾರವಾರ, ಅಂಕೋಲಾಗಳ ಮನೆಗಳಲ್ಲಾಗಲಿ, ಮಕ್ಕಳ ಓದಿಗೆಂದು ತಂದ ಕಂಪ್ಯೂಟರ್ ನಾಲ್ಕೈದು ವರ್ಷ ಹಳೆಯದಾದ ಮೇಲೆ ಈ ಪ್ರಶ್ನೆ ಏಳದೆ ಇರುವುದಿಲ್ಲ. ಉತ್ತರ ಕೆಲವು ಮನೆಗಳಲ್ಲಿ ಹೌದು, ಕೆಲವು ಮನೆಗಳಲ್ಲಿ ಇಲ್ಲ. ನಿಮ್ಮ ಮನೆಯದು ಯಾವುದೆಂದು ಊಹಿಸಬೇಕಾಗಿಲ್ಲ. ಕಂಪ್ಯೂಟರಿನ ಒಂದು ಪರದೆ ತೆರೆದರೆ ಹತ್ತು ನಿಮಿಷದಲ್ಲಿ ಅದೇ ಹೇಳುತ್ತದೆ. ಅದನ್ನು ಕೇಳದೆ ದುಡ್ಡು ಕೊಡಬೇಡಿ ಎಂಬುದೇ ಈ ಬರಹದ ಒಟ್ಟು ಮಾತು.

ಈ ಮಾತು ಎಲ್ಲ ಊರಿಗೂ ಸಲ್ಲುತ್ತದೆ, ನಮ್ಮ ಕಡೆಗೆ ತುಸು ಹೆಚ್ಚೇ ಸಲ್ಲುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ತಪ್ಪು ರ‍್ಯಾಮ್ ಕೊಂಡವರು ಸಂಜೆಯೊಳಗೆ ಬದಲಿಸಿಕೊಂಡಾರು. ಕಾಳಿ ನದಿಯ ಬದಿಯ ಕಾಲೊನಿಯಿಂದ ಕಾರವಾರ ಪೇಟೆಗೆ ಬಸ್ಸಿನಲ್ಲಿ ಗಂಟೆಗೂ ಮೀರಿದ ಹಾದಿ. ಅಲ್ಲಿ ಸಿಗದಿದ್ದರೆ ಹುಬ್ಬಳ್ಳಿ ಇಲ್ಲವೇ ಮಡಗಾಂವ್. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕಳಿಸುವ ಗಡುವಿನ ತಲೆಬಿಸಿ. ಪಾಳಿಯಲ್ಲಿ ದುಡಿಯುವವರ ರಜೆಯ ದಿನವೊಂದು ಇದಕ್ಕೇ ಹೋಗುತ್ತದೆ. ಆದ್ದರಿಂದ ಖರೀದಿಯ ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು.

ರ‍್ಯಾಮ್ ತುಂಬಿದಾಗ ಏನಾಗುತ್ತದೆ

ಫೋಟೊ, ಕಡತ, ತಂತ್ರಾಂಶಗಳೆಲ್ಲ ಇರುವುದು ಹಾರ್ಡ್‌ ಡಿಸ್ಕಿನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಕರೆಂಟು ಹೋದರೂ ಅವು ಅಲ್ಲೇ ಉಳಿಯುತ್ತವೆ. ಈ ಕ್ಷಣ ನೀವು ತೆರೆದಿಟ್ಟ ಕೆಲಸ ಮಾತ್ರ ರ‍್ಯಾಮಿಗೆ ಬರುತ್ತದೆ. ಇಂದಿನ ರ‍್ಯಾಮಿನ ಮೂಲ ವಿನ್ಯಾಸ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರದು. ಅದಕ್ಕೆ ಪೇಟೆಂಟ್ ದೊರೆತದ್ದು 1968ರಲ್ಲಿ. ಮಾಹಿತಿಯ ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಆ ಆವೇಶ ಸದಾ ಸೋರುತ್ತಿರುತ್ತದೆ. ಡಿಡಿಆರ್4 ಎಂಬ ಪೀಳಿಗೆಯ ರ‍್ಯಾಮಿನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ಬರೆಯಬೇಕಾಗುತ್ತದೆ. ಕರೆಂಟು ಹೋಯಿತೋ, ಬರೆಯುವವರಿಲ್ಲ. ಸೇವ್ ಮಾಡದ ಅರ್ಜಿಯೂ ಹೋಯಿತು.

ರ‍್ಯಾಮ್ ತುಂಬಿದರೆ ಕಂಪ್ಯೂಟರ್ ನಿಂತುಬಿಡುವುದಿಲ್ಲ. ಸದ್ಯಕ್ಕೆ ಬೇಡವಾದದ್ದನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ಬೇಕಾದಾಗ ಮರಳಿ ತರುತ್ತದೆ. ತೊಂದರೆ ಹುಟ್ಟುವುದು ಇಲ್ಲೇ. ರ‍್ಯಾಮಿನಿಂದ ಒಂದು ತುಣುಕು ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು; ಅಂದರೆ ಲಕ್ಷಪಟ್ಟು ಹೆಚ್ಚು. ಎಸ್‌ಎಸ್‌ಡಿ ಇವೆರಡರ ನಡುವೆ ನಿಲ್ಲುತ್ತದೆ. ಮೌಸ್ ಬಾಣ ಅಲ್ಲಾಡದೆ ಡಿಸ್ಕಿನ ದೀಪ ಮಿನುಗುತ್ತಲೇ ಇದ್ದರೆ, ಬಹುತೇಕ ಈ ಸಾಗಾಟ ನಡೆದಿದೆ ಎಂದೇ ಅರ್ಥ.

ಹೆಚ್ಚು ರ‍್ಯಾಮ್ ಈ ಸಾಗಾಟವನ್ನು ತಪ್ಪಿಸುತ್ತದೆ. ಅದರ ಮುಖ್ಯ ಉಪಕಾರ ಅಷ್ಟೆ. ನಿಮ್ಮ ಕಂಪ್ಯೂಟರಿನಲ್ಲಿ ಸಾಗಾಟವೇ ನಡೆಯುತ್ತಿಲ್ಲ ಎಂದಾದರೆ, 8 ಜಿಬಿ ಇದ್ದದ್ದನ್ನು 32 ಜಿಬಿ ಮಾಡಿದರೂ ಪ್ರೊಸೆಸರ್ ಚುರುಕಾಗುವುದಿಲ್ಲ, ಇಂಟರ್ನೆಟ್ ವೇಗವಾಗುವುದಿಲ್ಲ.

ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ರಲ್ಲಿ. ಆಗ ಮನೆಯ ಕಂಪ್ಯೂಟರಿನಲ್ಲಿ 64 ಎಂಬಿ ರ‍್ಯಾಮ್ ಇದ್ದರೆ ಹೇಳಿಕೊಳ್ಳುವಂತಿತ್ತು. ಮರುವರ್ಷ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡಿದ್ದು 128 ಎಂಬಿ. ಇಂದು ಸಾಧಾರಣ ಎನಿಸುವ 8 ಜಿಬಿ ಆ 64 ಎಂಬಿಯ 128 ಪಟ್ಟು. ಕನ್ನಡ ಟೈಪಿಂಗ್ ಆ ಕಾಲದ ಯಂತ್ರಗಳಲ್ಲೂ ನಡೆಯುತ್ತಿತ್ತು. ಇಂದಿಗೂ ನುಡಿಯಲ್ಲೋ ಯುನಿಕೋಡಿನಲ್ಲೋ ಪತ್ರ ಬರೆಯಲು ರ‍್ಯಾಮ್ ಹೆಚ್ಚೇನೂ ಬೇಡ. ಅದನ್ನು ತಿನ್ನುವುದು ಬ್ರೌಸರ್. ಒಂದು ಪುಟ ಕೆಟ್ಟರೆ ಉಳಿದವೂ ಮುಳುಗಬಾರದು ಎಂದು ಕ್ರೋಮ್ ಒಂದೊಂದು ಜಾಲತಾಣವನ್ನೂ ಬೇರೆ ಬೇರೆ ಪ್ರಕ್ರಿಯೆಯಾಗಿ ನಡೆಸುತ್ತದೆ. 2018ರಲ್ಲಿ ಸುರಕ್ಷತೆಗಾಗಿ ಈ ಬೇರ್ಪಡಿಕೆಯನ್ನು ಇನ್ನಷ್ಟು ಬಿಗಿ ಮಾಡಿದಾಗ ರ‍್ಯಾಮ್ ಬಳಕೆ ಶೇ 10ರಿಂದ 13ರಷ್ಟು ಏರುತ್ತದೆ ಎಂದು ಗೂಗಲ್ ತಾನೇ ಹೇಳಿತ್ತು. ಬ್ಯಾಂಕಿನ ಪುಟ ತೆರೆದಿಟ್ಟು ಪಕ್ಕದಲ್ಲೇ ಇನ್ನೊಂದು ತಾಣ ನೋಡುವವರಿಗೆ ಇದು ನ್ಯಾಯವಾದ ಖರ್ಚೇ. ಆದರೂ 4 ಜಿಬಿ ಕಂಪ್ಯೂಟರಿಗೆ ಅದು ಹೊರಲಾಗದ ಭಾರ.

ಮೊದಲ ಪ್ರಶ್ನೆ: ಬೇಕೇ?

ದಿನವೂ ಮಾಡುವ ಕೆಲಸಗಳನ್ನೆಲ್ಲ ತೆರೆದಿಡಿ: ಮಕ್ಕಳ ಪಾಠದ ವಿಡಿಯೊ, ಹತ್ತು ಹನ್ನೆರಡು ಟ್ಯಾಬು, ಎಕ್ಸೆಲ್, ವಾಟ್ಸ್‌ಆ್ಯಪ್ ವೆಬ್. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿ ಎಂಬಲ್ಲಿ ಒತ್ತಿ.

ಅಲ್ಲಿ ಕಾಣುವ ಅಂಕಿಗಳಲ್ಲಿ ನಮಗೆ ಬೇಕಾದವು ಕೆಲವೇ. ‘ಇನ್ ಯೂಸ್’ ಎಂದರೆ ಈಗ ಬಳಕೆಯಲ್ಲಿರುವುದು, ‘ಅವೈಲಬಲ್’ ಎಂದರೆ ಮಿಕ್ಕಿರುವುದು. ಒಟ್ಟು 8 ಜಿಬಿಯಲ್ಲಿ ಎರಡೂವರೆ ಮೂರು ಜಿಬಿ ಮಿಕ್ಕಿದ್ದರೆ ರ‍್ಯಾಮಿನ ಕೊರತೆ ಇಲ್ಲ. ಬಳಕೆ ಶೇ 85ರಿಂದ ಕೆಳಗಿಳಿಯದೆ, ಪಕ್ಕದ ಡಿಸ್ಕ್ ಗ್ರಾಫು ಆಗಾಗ ಶೇ 100 ಮುಟ್ಟುತ್ತಿದ್ದರೆ ಕೊರತೆ ಇದೆ. ರ‍್ಯಾಮ್ ಮಿಕ್ಕಿದ್ದೂ ಡಿಸ್ಕ್ ಶೇ 100ರಲ್ಲೇ ಏದುಸಿರು ಬಿಡುತ್ತಿದ್ದರೆ ಕಾಯಿಲೆ ಬೇರೆ, ಮದ್ದೂ ಬೇರೆ: ಹಾರ್ಡ್‌ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ ಡಿಸ್ಕ್ ಇರುವ ಮನೆಗೆ ನಾನು ಮೊದಲು ಹೇಳುವುದು ಎಸ್‌ಎಸ್‌ಡಿಯನ್ನೇ. ಕಂಪ್ಯೂಟರ್ ಏಳಲು ಐದು ನಿಮಿಷ ಹಿಡಿಯುತ್ತದೆ ಎಂಬ ದೂರಿಗೆ ರ‍್ಯಾಮಿನಲ್ಲಿ ಉತ್ತರವಿಲ್ಲ.

ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ‘ಸಿಸ್ಟಮ್ ಟೈಪ್’ ಎಂಬ ಸಾಲನ್ನೂ ನೋಡಿ. 32 ಬಿಟ್ ವಿಂಡೋಸ್ ಎಂದಿದ್ದರೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಅದಕ್ಕೆ ಎಟುಕುವುದಿಲ್ಲ. 64 ಬಿಟ್ ವಿಂಡೋಸ್ ಹಾಕಿಸದೆ ರ‍್ಯಾಮ್ ತಂದರೆ ತಂದದ್ದು ವ್ಯರ್ಥ.

ಎರಡನೆಯ ಪ್ರಶ್ನೆ: ಹೊಂದುತ್ತದೆಯೇ?

ಅದೇ ಪರದೆಯಲ್ಲಿ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿದೆ. ‘2ರಲ್ಲಿ 1’ ಎಂದಿದ್ದರೆ ಒಂದು ಸ್ಲಾಟ್ ಖಾಲಿ. ‘ಫಾರ್ಮ್ ಫ್ಯಾಕ್ಟರ್’ ಎದುರು ಡಿಐಎಂಎಂ ಎಂದಿದ್ದರೆ ಡೆಸ್ಕ್‌ಟಾಪಿನ ಉದ್ದ ರ‍್ಯಾಮ್. ಎಸ್‌ಒಡಿಐಎಂಎಂ ಎಂದಿದ್ದರೆ ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಅಂಥ ತೆಳು ಲ್ಯಾಪ್‌ಟಾಪುಗಳಲ್ಲಿ ಹೆಚ್ಚುವರಿ ಸ್ಲಾಟ್ ಇದೆಯೇ ಎಂದು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಎಂ1 ಮತ್ತು ಅದರ ನಂತರದ ಚಿಪ್ ಇರುವ ಆ್ಯಪಲ್ ಮ್ಯಾಕ್‌ಬುಕ್‌ಗಳಲ್ಲಿ ಮೊದಲು ಕೊಂಡಷ್ಟೇ ಕೊನೆಯವರೆಗೆ.

ಮುಂದಿನದು ಪೀಳಿಗೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪಿನ ಡಿಡಿಆರ್3ಕ್ಕೆ 240 ಪಿನ್ನು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಇದ್ದರೂ ಅಂಚಿನ ಕಚ್ಚಿನ ಜಾಗ ಬೇರೆ, ಒಳಗಿನ ವಿದ್ಯುತ್ ವ್ಯವಸ್ಥೆಯೂ ಬೇರೆ. ಡಿಡಿಆರ್3 ನಡೆಯುವುದು 1.5 ವೋಲ್ಟಿನಲ್ಲಿ, ಡಿಡಿಆರ್4 1.2ರಲ್ಲಿ, ಡಿಡಿಆರ್5 1.1ರಲ್ಲಿ. ಸ್ಲಾಟಿನ ಕಚ್ಚಿಗೆ ಕೂಡದ ರ‍್ಯಾಮನ್ನು ಒತ್ತಿ ಕೂರಿಸಲು ಹೋದರೆ ಮದರ್‌ಬೋರ್ಡೇ ಹಾಳಾದೀತು. ಸ್ಥೂಲವಾಗಿ ಹೇಳುವುದಾದರೆ, ಇಂಟೆಲ್ ನಾಲ್ಕನೆಯ ತಲೆಮಾರಿನ ಮನೆ ಕಂಪ್ಯೂಟರುಗಳು ಡಿಡಿಆರ್3ಕ್ಕೆ ಸೇರಿದವು. ಎಂಟರಿಂದ ಹನ್ನೊಂದರವರೆಗಿನ ಡೆಸ್ಕ್‌ಟಾಪುಗಳು ಡಿಡಿಆರ್4ಕ್ಕೆ. ಹನ್ನೆರಡನೆಯದರಿಂದ ಬೋರ್ಡು ನೋಡಿಯೇ ಹೇಳಬೇಕು, ಡಿಡಿಆರ್4 ಇರಬಹುದು, ಡಿಡಿಆರ್5 ಇರಬಹುದು.

ಈಗಿರುವ ರ‍್ಯಾಮನ್ನು ಹೊರತೆಗೆದು ಅದರ ಚೀಟಿ ಓದಿದರೆ ಸಂಶಯವೇ ಉಳಿಯುವುದಿಲ್ಲ. ಒಂದು ಚೀಟಿಯನ್ನು ಉದಾಹರಣೆಗೆ ನೋಡೋಣ: ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ’. ಮೊದಲನೆಯದು ಗಾತ್ರ. ‘1ಆರ್’ ಎಂದರೆ ಒಂದು ರ‍್ಯಾಂಕ್, ಅಂದರೆ ಚಿಪ್ಪುಗಳೆಲ್ಲ ಒಂದೇ ಗುಂಪಾಗಿ ಕೆಲಸ ಮಾಡುತ್ತವೆ. ‘ಎಕ್ಸ್8’ ಎಂದರೆ ಒಂದೊಂದು ಚಿಪ್ಪೂ ಒಮ್ಮೆಗೆ 8 ಬಿಟ್ ಕೊಡುತ್ತದೆ. ‘ಪಿಸಿ4’ ಎಂದರೆ ಡಿಡಿಆರ್4. 2666 ಎಂಬುದು ವೇಗ, ಸೆಕೆಂಡಿಗೆ ಅಷ್ಟು ದಶಲಕ್ಷ ವರ್ಗಾವಣೆ. ಕೆಲವು ಕಂಪನಿಗಳು ಇದೇ ವೇಗದ ರ‍್ಯಾಮಿಗೆ ‘ಪಿಸಿ4-21300’ ಎಂದು ಬರೆಯುತ್ತವೆ. ಪ್ರತಿ ವರ್ಗಾವಣೆಯಲ್ಲಿ 8 ಬೈಟ್ ಹೋಗುವುದರಿಂದ 2666ನ್ನು 8ರಿಂದ ಗುಣಿಸಿದಾಗ ಸುಮಾರಾಗಿ ಬರುವ ಅಂಕಿ ಅದು. ಹಾಗೆಯೇ 25600 ಎಂದರೆ 3200ರ ವೇಗ. ಡಿಡಿಆರ್3ರಲ್ಲಿ 12800 ಎಂದರೆ 1600. ದೊಡ್ಡ ಅಂಕಿ ಕಂಡು ದೊಡ್ಡ ವೇಗವೆಂದು ಮೋಸಹೋಗಬಾರದು.

ವೇಗ ಸ್ವಲ್ಪ ಹೆಚ್ಚುಕಡಿಮೆಯಾದರೆ ಗಾಬರಿ ಬೇಡ. 2666ರ ಪಕ್ಕದಲ್ಲಿ 3200 ಹಾಕಿದರೆ ಸಾಮಾನ್ಯವಾಗಿ ಎರಡೂ 2666ರಲ್ಲೇ ನಡೆಯುತ್ತವೆ. ಪ್ರೊಸೆಸರ್ ಮತ್ತು ಬೋರ್ಡು ತಾಳುವ ವೇಗಕ್ಕಿಂತ ಹೆಚ್ಚಿನದಕ್ಕೆ ಕೊಟ್ಟ ಹಣ ಮಾತ್ರ ಹೆಚ್ಚುವರಿ. ಮನೆಬಳಕೆಯಲ್ಲಿ ವೇಗಕ್ಕಿಂತ ಗಾತ್ರ ಮುಖ್ಯ.

ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ‘ಸರ್ವರ್ ರ‍್ಯಾಮ್’ ಅಥವಾ ‘ರಿಜಿಸ್ಟರ್ಡ್ ಇಸಿಸಿ’ ಎಂಬ ಹೆಸರಿನ ಹಳೆಯ ಸರಕು ಅಗ್ಗಕ್ಕೆ ಕಾಣುತ್ತದೆ. ಡಿಡಿಆರ್4 ಸ್ಲಾಟಿನಲ್ಲಿ ಅದು ಸಲೀಸಾಗಿ ಕೂರುತ್ತದೆ, ಆದರೆ ಮನೆಯ ಕಂಪ್ಯೂಟರ್ ಅದರೊಂದಿಗೆ ಏಳುವುದಿಲ್ಲ. ಅಗ್ಗದ ಬೆಲೆ ಕಂಡಾಗ ಈ ಪದಗಳಿವೆಯೇ ಎಂದು ಹುಡುಕಿ.

ಮೂರನೆಯ ಪ್ರಶ್ನೆ: ಎಷ್ಟು?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟರಲ್ಲಿ ಅದು ಏಳುತ್ತದೆ ನಿಜ, ಕೆಲಸ ಮಾಡಿಸಿಕೊಳ್ಳುವುದು ಕಷ್ಟ. ಪಾಠ ನೋಡುವುದು, ಪತ್ರ ಬರೆಯುವುದು, ಬಿಲ್ಲು ಕಟ್ಟುವುದು, ಟಿಕೆಟ್ ಮಾಡುವುದು ಇಷ್ಟೇ ಇದ್ದರೆ 8 ಜಿಬಿ ಸಾಕು. ಮನೆಯಲ್ಲಿ ಒಬ್ಬಿಬ್ಬರು ಒಂದೇ ಯಂತ್ರದಲ್ಲಿ ಹಲವು ಕೆಲಸ ತೆರೆದಿಡುವವರಿದ್ದರೆ, ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ 16 ಜಿಬಿಗೆ ಹೋಗಿ. ಫೋನಿನ ಆ್ಯಪ್ ತಯಾರಿಸಲು ಬಳಸುವ ಆ್ಯಂಡ್ರಾಯ್ಡ್ ಸ್ಟುಡಿಯೊದಂಥ ತಂತ್ರಾಂಶಕ್ಕೆ 16 ಜಿಬಿ ಇದ್ದರೇ ಉಸಿರಾಟ ಸರಾಗ. 32 ಜಿಬಿ ಬೇಕಾಗುವುದು ವಿಡಿಯೊ ಸಂಕಲನ ಮಾಡುವವರಿಗೆ, ಒಂದೇ ಯಂತ್ರದೊಳಗೆ ಎರಡು ಮೂರು ಕಾರ್ಯಾಚರಣಾ ವ್ಯವಸ್ಥೆ ನಡೆಸುವವರಿಗೆ. ಉಳಿದವರಿಗೆ ಅದು ಬರೀ ಅಂಕಿ.

ಸಾಧ್ಯವಾದರೆ ಜೋಡಿಯಾಗಿ ಹಾಕಿ. ಒಂದು 16 ಜಿಬಿಗಿಂತ ಎರಡು 8 ಜಿಬಿ ಮೇಲು, ಏಕೆಂದರೆ ಪ್ರೊಸೆಸರಿಗೆ ಎರಡು ಚಾನೆಲ್‌ಗಳಲ್ಲಿ ಒಟ್ಟಿಗೆ ಮಾಹಿತಿ ಬರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳು ಪರದೆಯ ಚಿತ್ರಕ್ಕೂ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅವುಗಳಿಗೆ ಲಾಭ ಇನ್ನೂ ಹೆಚ್ಚು. ಈಗಾಗಲೇ 4 ಜಿಬಿ ಇದ್ದು ಖಾಲಿ ಸ್ಲಾಟಿಗೆ 8 ಜಿಬಿ ಹಾಕಿದರೂ ತಪ್ಪಿಲ್ಲ. 12 ಜಿಬಿಯೂ ಬಳಕೆಗೆ ಸಿಗುತ್ತದೆ, ಜೋಡಿಯ ಲಾಭ ಮಾತ್ರ ಪೂರ್ತಿ ಸಿಗುವುದಿಲ್ಲ. ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಇದೂ ಒಳ್ಳೆಯ ಆಯ್ಕೆಯೇ. ಬೋರ್ಡು ಗರಿಷ್ಠ ಎಷ್ಟು ತಾಳುತ್ತದೆ ಎಂಬುದನ್ನು ಕಂಪನಿಯ ಜಾಲತಾಣದಲ್ಲಿ ಮಾದರಿ ಸಂಖ್ಯೆ ಕೊಟ್ಟು ನೋಡಿಕೊಳ್ಳಿ.

ಬೆಲೆ ಏರಿದ ಹೊತ್ತು

‘ಇರಲಿ, ಸ್ವಲ್ಪ ಹೆಚ್ಚೇ ಹಾಕಿಸೋಣ’ ಎನ್ನುವ ಕಾಲ ಇದಲ್ಲ. 2025ರ ಕೊನೆಯ ತಿಂಗಳುಗಳಿಂದ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಈ ಚಿಪ್ಪಿನ ಬಹುಪಾಲು ತಯಾರಿಕೆ ಮೂರೇ ಕಂಪನಿಗಳ ಕೈಯಲ್ಲಿದೆ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ದುಬಾರಿ ರ‍್ಯಾಮನ್ನು ರಾಶಿ ರಾಶಿ ಕೊಳ್ಳತೊಡಗಿದ ಮೇಲೆ ಈ ಕಂಪನಿಗಳು ಆ ಕಡೆಗೇ ಹೊರಳಿದವು. ಮೈಕ್ರಾನ್ ಅಂತೂ ಮನೆ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಹೆಸರಾಂತ ‘ಕ್ರೂಷಿಯಲ್’ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ದೂರದ ಡೇಟಾ ಸೆಂಟರಿನ ಹಸಿವಿಗೆ ಅಂಕೋಲಾದ ವಿದ್ಯಾರ್ಥಿಯೊಬ್ಬ ಬೆಲೆ ತೆರಬೇಕಾಗಿ ಬಂದಿರುವುದು ಬೇಸರದ ಸಂಗತಿ. ನಮ್ಮ ಕೈಯಲ್ಲಿರುವುದು ಅಳೆದು ಕೊಳ್ಳುವುದು ಮಾತ್ರ.

ಹಳೆಯ ರ‍್ಯಾಮ್ ಕೊಳ್ಳಲು ಹಿಂಜರಿಯಬೇಕಿಲ್ಲ. ರ‍್ಯಾಮಿನೊಳಗೆ ತಿರುಗುವ, ಸವೆಯುವ ಭಾಗಗಳಿಲ್ಲ. ನೆಂಟರ ಮನೆಯಲ್ಲಿ ಮೂಲೆ ಸೇರಿದ ಡಿಡಿಆರ್4 ಕಂಪ್ಯೂಟರಿನ ರ‍್ಯಾಮ್ ನಿಮ್ಮದಕ್ಕೆ ಹೊಂದಬಹುದು. ಪರೀಕ್ಷಿಸಿ ಕೊಡುವ, ಬಿಲ್ಲು ಬರೆಯುವ ಅಂಗಡಿಯಲ್ಲಿ ಮಾತ್ರ ಕೊಳ್ಳಿ.

ಇನ್ನೊಂದು ಲೆಕ್ಕ ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳಿಗೆ ವಿಂಡೋಸ್ 11ರ ಅಧಿಕೃತ ಬಾಗಿಲು ಮುಚ್ಚಿದೆ. ಎಷ್ಟೇ ರ‍್ಯಾಮ್ ತುಂಬಿದರೂ ಆ ಬಾಗಿಲು ತೆರೆಯದು. ಅಂಥ ಯಂತ್ರಕ್ಕೆ ಹೊಸ ದುಬಾರಿ ರ‍್ಯಾಮ್ ಹಾಕಿಸುವ ಬದಲು ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿ ನೋಡಿ. ಕನ್ನಡ ಟೈಪಿಂಗೂ ಬ್ರೌಸರೂ ಅದರಲ್ಲಿ ಚೆನ್ನಾಗಿ ನಡೆಯುತ್ತವೆ.

ಹಾಕುವಾಗ, ಹಾಕಿದ ಮೇಲೆ

ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರಂದು ನಿಲ್ಲುವ ಹೊತ್ತಿಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಬರೆದಿತ್ತು. ಭಾರಜಲ ರಿಯಾಕ್ಟರುಗಳಲ್ಲಿ ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದು ಎಂಬುದು ಅಂಥ ಓಟಕ್ಕೆ ಒಂದು ಆಸರೆ. ಮನೆಯ ಕಂಪ್ಯೂಟರಿಗೆ ಆ ಸೌಲಭ್ಯವಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ರ‍್ಯಾಮನ್ನು ಅಂಚಿನಲ್ಲಿ ಹಿಡಿದು, ಕಚ್ಚು ಹೊಂದಿಸಿ, ಎರಡೂ ತುದಿ ಸಮನಾಗಿ ಒತ್ತಿ. ಪಕ್ಕದ ಹಿಡಿಕೆ ‘ಟಕ್’ ಎಂದು ಕೂರಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ, ಧೂಳು ಮೂರೂ ಸೇರಿ ರ‍್ಯಾಮಿನ ಚಿನ್ನಲೇಪದ ಪಿನ್ನುಗಳ ಮೇಲೆ ತೆಳುವಾದ ಮಾಸಲು ಪದರ ಕಟ್ಟುತ್ತವೆ. ಕಂಪ್ಯೂಟರ್ ‘ಬೀಪ್ ಬೀಪ್’ ಎನ್ನುತ್ತದೆ, ಪರದೆ ಬೆಳಗುವುದಿಲ್ಲ. ಇದನ್ನು ಕಂಡು ರ‍್ಯಾಮೇ ಸತ್ತಿತೆಂದು ಹೊಸದು ಕೊಳ್ಳುವವರಿದ್ದಾರೆ. ಮೊದಲು ರ‍್ಯಾಮ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ಮೆತ್ತನೆ ಬಟ್ಟೆಯಿಂದ ಪಿನ್ನುಗಳನ್ನು ಒರೆಸಿ, ಒಣಗಿಸಿ ಮತ್ತೆ ಕೂರಿಸಿ. ರಿಪೇರಿಯವರು ಬಿಳಿ ರಬ್ಬರಿನಿಂದ ಉಜ್ಜುವುದೂ ಉಂಟು; ಹಗುರವಾಗಿ ಉಜ್ಜಿ ಪುಡಿಯನ್ನೆಲ್ಲ ಒರೆಸಿದರೆ ಅಡ್ಡಿಯಿಲ್ಲ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ನಿಲ್ಲುತ್ತವೆ.

ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಪರದೆ ಒಂದೆರಡು ನಿಮಿಷ ಕತ್ತಲಾಗಿಯೇ ಇರಬಹುದು, ಡಿಡಿಆರ್5ರಲ್ಲಿ ವಿಶೇಷವಾಗಿ. ಬೋರ್ಡು ಹೊಸ ರ‍್ಯಾಮಿಗೆ ಹೊಂದಿಕೊಳ್ಳುವ ಸಮಯ ಅದು, ತಾಳ್ಮೆಯಿಂದ ಕಾಯಿರಿ. ಎದ್ದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಒಟ್ಟು ಗಾತ್ರ ಸರಿಯಾಗಿದೆಯೇ ನೋಡಿ. ಅಂದು ರಾತ್ರಿಯೇ ವಿಂಡೋಸ್‌ನ ಮೆಮೊರಿ ಡಯಾಗ್ನೊಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಓಡಿಸಿಬಿಡಿ. ದೋಷವಿರುವ ರ‍್ಯಾಮ್ ಯಾವಾಗಲೂ ಯಂತ್ರವನ್ನು ನಿಲ್ಲಿಸುವುದಿಲ್ಲ. ಸದ್ದಿಲ್ಲದೆ ಕಡತಗಳನ್ನು ಕೆಡಿಸುತ್ತದೆ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಅದು ಸಿಕ್ಕಿಬೀಳಬೇಕು.

ಅಂಗಡಿಗೆ ಹೋಗುವಾಗ ಫೋನಿನಲ್ಲಿ ಮೂರು ಫೋಟೊ ಇರಲಿ: ಕೆಲಸವೆಲ್ಲ ತೆರೆದಿದ್ದಾಗಿನ ಟಾಸ್ಕ್ ಮ್ಯಾನೇಜರ್ ಪರದೆ, ಈಗಿನ ರ‍್ಯಾಮಿನ ಚೀಟಿ, ಕಂಪ್ಯೂಟರಿನ ಮಾದರಿ ಸಂಖ್ಯೆ. ಅಂಗಡಿಯವರಿಗೇ ಕಂಪ್ಯೂಟರ್ ಒಪ್ಪಿಸುವುದಾದರೆ, ಹಾಕುವ ಮೊದಲು ಮತ್ತು ಹಾಕಿದ ಮೇಲೆ ಅದೇ ಪರದೆ ತೋರಿಸಿರೆಂದು ಕೇಳಿ. ಕೆಲಸ ಬಲ್ಲವರು ಸಂತೋಷದಿಂದ ತೋರಿಸುತ್ತಾರೆ. ಮೊದಲಿನ ಪರದೆಯಲ್ಲಿ ಮೂರು ಜಿಬಿ ಮಿಕ್ಕಿದ್ದು ಕಂಡರೆ, ರ‍್ಯಾಮಿನ ದುಡ್ಡು ಉಳಿಸಿಕೊಂಡು ಎಸ್‌ಎಸ್‌ಡಿಯ ಬೆಲೆ ವಿಚಾರಿಸಿ.